‘ಚಂದಪ್ಪನ್ನ ತೋರಿಸ್ತಾನೇನ್ರೀ?’: ಅಂಗನವಾಡಿ ಮಕ್ಕಳಲ್ಲಿ ಆಟಿಸಂ ಗುರುತಿಸುವ ಪ್ರಶ್ನೆ ಬರೆಯುವ ಬಗೆ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿ. ನನ್ನ ವಲಯದಲ್ಲಿ 24 ಕೇಂದ್ರಗಳಿವೆ. ಹೆಸರು ಕರೆದರೆ ತಿರುಗದ, ಮಾತು ಬಾರದ, ಒಬ್ಬರೇ ಮೂಲೆಯಲ್ಲಿ ಕೂತು ಆಡುವ ಮಕ್ಕಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತಾರೆ. ಟೀಚರುಗಳ ಕೈಗೆ ಒಂದು ಪುಟದ ಪ್ರಶ್ನಾವಳಿ ಕೊಟ್ಟರೆ ಇಂಥ ಮಕ್ಕಳನ್ನು ಬೇಗ ಗುರುತಿಸಬಹುದು ಅನ್ನಿಸುತ್ತಿದೆ. ಎಂ-ಚಾಟ್ ಎಂಬ ಇಂಗ್ಲಿಷ್ ಪ್ರಶ್ನಾವಳಿಯನ್ನು ನನ್ನ ಮಗಳು ಕನ್ನಡಕ್ಕೆ ಮಾಡಿಕೊಟ್ಟಿದ್ದಾಳೆ. ಅದನ್ನೇ 3ರಿಂದ 6 ವರ್ಷದ ಮಕ್ಕಳಿಗೆ ಬಳಸಬಹುದೇ? ಎಷ್ಟು ಅಂಕ ಬಂದರೆ ಆಟಿಸಂ ಅನ್ನಬೇಕು?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಎಷ್ಟು ಅಂಕ ಬಂದರೂ ಆಟಿಸಂ ಅನ್ನಬಾರದು. (ಆಟಿಸಂ ಅಂದರೆ ಮಗುವಿನ ಒಡನಾಟ, ಮಾತು, ಆಟ ಬೇರೆಯೇ ಬಗೆಯಲ್ಲಿ ಬೆಳೆಯುವ ಸ್ಥಿತಿ.) ನಿಮ್ಮ ಟೀಚರುಗಳ ಬಳಿ ತೋಳಿನ ಸುತ್ತಳತೆ ನೋಡುವ ಪಟ್ಟಿ ಇರುತ್ತದಲ್ವಾ? 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು. ಆ ಕೆಂಪು ಮಗುವಿಗೆ ಏನು ಕಾಯಿಲೆ ಅಂತ ಹೇಳುವುದಿಲ್ಲ. ‘ಕರೆದುಕೊಂಡು ಹೋಗಿ, ತೋರಿಸಿ’ ಅನ್ನುತ್ತದೆ, ಅಷ್ಟೇ. ನೀವು ಮಾಡಹೊರಟಿರುವ ಪ್ರಶ್ನಾವಳಿಯೂ ಅಂಥದ್ದೇ ಒಂದು ಪಟ್ಟಿ. ಒಂದೇ ವ್ಯತ್ಯಾಸ. ತೋಳಿಗೆ ಪಟ್ಟಿಯನ್ನು ನಾವೇ ಸುತ್ತಿ ನೋಡುತ್ತೇವೆ. ಇಲ್ಲಿ ಅಳತೆ ಬರುವುದು ತಾಯಿಯ ಬಾಯಿಂದ. ಅವಳಿಗೆ ಪ್ರಶ್ನೆ ಹೇಗೆ ಕೇಳಿಸಿತು ಅನ್ನುವುದರ ಮೇಲೆ ಉತ್ತರ ನಿಂತಿದೆ. ಹಾಗಾಗಿ ಅಂಕದ ಚಿಂತೆ ಆಮೇಲೆ, ಮಾತಿನ ಚಿಂತೆ ಮೊದಲು.

ಇನ್ನು ಎಂ-ಚಾಟ್. ಇದರ ಬೇರು ಬ್ರಿಟನ್ನಿನಲ್ಲಿದೆ. 1992ರಲ್ಲಿ ಸೈಮನ್ ಬ್ಯಾರನ್-ಕೋಹೆನ್ ಮತ್ತು ಜೊತೆಯವರು 18 ತಿಂಗಳ ಮಕ್ಕಳಿಗೆ ‘ಚಾಟ್’ ಎಂಬ ಸಣ್ಣ ಪ್ರಶ್ನಾವಳಿ ಮಾಡಿದರು. ಅದು ‘ಇರಬಹುದು’ ಅಂದ ಮಕ್ಕಳಲ್ಲಿ ಹೆಚ್ಚಿನವರಿಗೆ ತೊಂದರೆ ಇದ್ದದ್ದು ನಿಜವೇ ಆಗಿತ್ತು. ಆದರೆ ಸುಮಾರು 16,000 ಮಕ್ಕಳನ್ನು ಆರೇಳು ವರ್ಷದವರೆಗೆ ಹಿಂಬಾಲಿಸಿ ನೋಡಿದಾಗ, ಆಟಿಸಂ ಇದ್ದ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆ ಪ್ರಶ್ನೆಗಳಿಂದ ತಪ್ಪಿಸಿಕೊಂಡಿದ್ದರು. 2001ರಲ್ಲಿ ಅಮೆರಿಕದಲ್ಲಿ ಡಯಾನಾ ರಾಬಿನ್ಸ್ ಮತ್ತು ಸಂಗಡಿಗರು ಅದನ್ನು ಬೆಳೆಸಿ ಎಂ-ಚಾಟ್ ಮಾಡಿದರು. 2014ರಲ್ಲಿ ತಿದ್ದಿದ ರೂಪ ಬಂತು. ಅದರಲ್ಲಿ 20 ಪ್ರಶ್ನೆಗಳಿವೆ. 0ಯಿಂದ 2 ಅಂಕ ಬಂದರೆ ಅಪಾಯ ಕಡಿಮೆ. 3ರಿಂದ 7 ಬಂದರೆ ತಾಯಿಯನ್ನು ಮತ್ತೆ ಕೂರಿಸಿಕೊಂಡು, ಸಂಶಯ ಬಂದ ಪ್ರಶ್ನೆಗಳನ್ನು ಬಿಡಿಸಿ ಬಿಡಿಸಿ ಕೇಳಬೇಕು. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರವಾಗಿ ತಜ್ಞರ ಬಳಿ ಕಳಿಸಬೇಕು.

ಇಲ್ಲಿ ಎರಡು ತೊಡಕು. ಎಂ-ಚಾಟ್ ಇರುವುದು 16ರಿಂದ 30 ತಿಂಗಳ ಮಕ್ಕಳಿಗೆ. ಮೂರು ದಾಟಿದ ಮಗುವಿಗೆ ಅದನ್ನು ಹಿಡಿದರೆ ಹೋದ ವರ್ಷದ ಅಂಗಿ ಹಾಕಿದ ಹಾಗೆ. ಎರಡನೆಯದು, ಅದಕ್ಕೆ ಹಕ್ಕುದಾರರಿದ್ದಾರೆ. ಇಳಿಸಿಕೊಂಡು ಬಳಸಲು ದುಡ್ಡು ಕೊಡಬೇಕಿಲ್ಲ. ಆದರೆ ಅನುಮತಿ ಇಲ್ಲದೆ ಪ್ರಶ್ನೆ ಬದಲಿಸುವುದು, ಕೆಲವನ್ನು ಕೈಬಿಡುವುದು, ನಮ್ಮದೇ ಅನುವಾದ ಹಂಚುವುದು ಆಗದು. ನಿಮ್ಮ ಮಗಳ ಶ್ರಮ ವ್ಯರ್ಥವಾಗಬೇಕಿಲ್ಲ. ಅದರ ಉಪಯೋಗ ಬೇರೆ ಇದೆ, ಮುಂದೆ ಹೇಳುತ್ತೇನೆ.

ಹಾಗಾದರೆ 3ರಿಂದ 6ರವರಿಗೆ ಏನಿದೆ? ನಮ್ಮ ದೇಶದ್ದೇ ಎರಡು ಸಾಧನಗಳಿವೆ. ಒಂದು ಐಸಾ. ಸಿಕಂದರಾಬಾದಿನಲ್ಲಿರುವ ಬೌದ್ಧಿಕ ಅಂಗವೈಕಲ್ಯದ ರಾಷ್ಟ್ರೀಯ ಸಂಸ್ಥೆಯಲ್ಲಿ ತಯಾರಾದದ್ದು, 40 ಅಂಶಗಳು. ಆಟಿಸಂ ಎಷ್ಟು ತೀವ್ರ ಎಂದು ಅಳೆದು ಅಂಗವೈಕಲ್ಯ ಪ್ರಮಾಣಪತ್ರ ಕೊಡಲು ಅದನ್ನು ಬಳಸುತ್ತಾರೆ. ಇನ್ನೊಂದು 2ರಿಂದ 9 ವರ್ಷದವರಿಗೆ ಇನ್‌ಕ್ಲೆನ್ ಎಂಬ ವೈದ್ಯ ಸಂಶೋಧಕರ ಬಳಗ ಮಾಡಿದ ರೋಗನಿರ್ಣಯದ ಸಾಧನ. ಎರಡೂ ತರಬೇತಿ ಪಡೆದ ಡಾಕ್ಟರು, ಮನಶ್ಶಾಸ್ತ್ರಜ್ಞರ ಕೈಗೆ. ಟೀಚರು ಅಡುಗೆ, ಹಾಜರಿ, ತೂಕ, ಮೊಬೈಲ್ ಆ್ಯಪ್ ಎಲ್ಲ ಮುಗಿಸಿ ಹತ್ತು ನಿಮಿಷದಲ್ಲಿ ಕೇಳುವಂಥವಲ್ಲ. ಪರದೇಶದಲ್ಲಿ 4 ವರ್ಷದ ಮೇಲಿನವರಿಗೆ 40 ಪ್ರಶ್ನೆಗಳ ಎಸ್‌ಸಿಕ್ಯೂ ಇದೆ, ಅದನ್ನು ಕೊಂಡುಕೊಳ್ಳಬೇಕು. ಆದ್ದರಿಂದ ನೀವು ಹುಡುಕುತ್ತಿರುವ ಆ ಒಂದು ಪುಟಕ್ಕೆ ಜಾಗ ಇದೆ. ಅದನ್ನು ಅನುವಾದ ಮಾಡಬೇಡಿ. ಇಲ್ಲಿಯ ಅಂಗಳದಲ್ಲೇ ಹುಟ್ಟಿಸಿ.

ಯಾಕೆ ಅಂತ ನನ್ನದೇ ತಪ್ಪಿನಿಂದ ಹೇಳುತ್ತೇನೆ. ಕೆಲಸ ಶುರು ಮಾಡಿದ ಹೊಸದರಲ್ಲಿ ನಾನು ಬರೆದ ಒಂದು ಪ್ರಶ್ನೆ: ‘ಮಗು ಇತರ ಮಕ್ಕಳೊಂದಿಗೆ ಬೆರೆಯುತ್ತದೆಯೇ?’ ಕೇಳಲು ಚೆನ್ನಾಗಿದೆ. ಬಂದ ಉತ್ತರ ಎಲ್ಲ ‘ಹೂಂರೀ’. ಒಬ್ಬ ತಾಯಿಯ ಮಗ ಮಾತೇ ಆಡುತ್ತಿರಲಿಲ್ಲ, ಯಾರನ್ನೂ ನೋಡುತ್ತಿರಲಿಲ್ಲ. ಅವಳೂ ಹೂಂ ಅಂದಳು. ಮತ್ತೆ ಕೇಳಿದೆ. ‘ಮನ್ಯಾಗ ಒಂಬತ್ತು ಹುಡುಗ್ರು ಅದಾವ್ರೀ, ಎಲ್ಲಾರ ನಡುವ ಕುಂತಿರ್ತಾನ್ರೀ’ ಅಂದಳು. ಅವಳದು ಸುಳ್ಳಲ್ಲ. ಬೆರೆಯುವುದು ಅಂದರೆ ಅವಳಿಗೆ ಜೊತೆಯಲ್ಲಿ ಇರುವುದು. ದೊಡ್ಡ ಕುಟುಂಬದಲ್ಲಿ ಯಾವ ಮಗು ಒಂಟಿಯಾಗಿರುತ್ತದೆ ಹೇಳಿ? ತಪ್ಪು ಪ್ರಶ್ನೆಯದು. ಅದು ಅಭಿಪ್ರಾಯ ಕೇಳಿತ್ತು. ಕೇಳಬೇಕಾದದ್ದು ಅವಳ ಕಣ್ಣು ಕಂಡ ಸಂಗತಿ: ‘ಬೇರೆ ಹುಡುಗ ಚೆಂಡು ಉರುಳಿಸಿದರೆ ನಿಮ್ಮ ಹುಡುಗ ತಿರುಗಿ ಅವನ ಕಡೆ ಉರುಳಿಸುತ್ತಾನಾ? ಯಾರಾದರೂ ಮುಟ್ಟಿ ಓಡಿದರೆ ಇವನೂ ಬೆನ್ನು ಹತ್ತುತ್ತಾನಾ?’

ಅವತ್ತಿನಿಂದ ನನ್ನ ನಿಯಮ ಒಂದೇ. ಪ್ರಶ್ನೆ ಓದಿದ ಕೂಡಲೇ ತಾಯಿಗೆ ಮನೆಯ ಯಾವುದೋ ಒಂದು ಹೊತ್ತು ಕಣ್ಣ ಮುಂದೆ ಬರಬೇಕು. ಬರದಿದ್ದರೆ ಆ ಪ್ರಶ್ನೆ ಹೊಡೆದುಹಾಕು.

ಕಣ್ಣಿಗೆ ಕಣ್ಣು ಕೊಟ್ಟು ನೋಡುವುದನ್ನೇ ತೆಗೆದುಕೊಳ್ಳಿ. ಅನುವಾದದ ಫಾರಂಗಳಲ್ಲಿ ‘ನೇತ್ರ ಸಂಪರ್ಕ’ ಅಂತ ಇರುತ್ತದೆ. ಓದಿದವರಿಗೇ ಅದು ಕಣ್ಣಿನ ಆಪರೇಷನ್ ಥರ ಕೇಳಿಸುತ್ತದೆ. ‘ದಿಟ್ಟಿಸಿ ನೋಡ್ತಾನಾ’ ಅಂದರೆ ಮಗು ಉದ್ಧಟ ಅಂದ ಹಾಗಾಗುತ್ತದೆ. ‘ನೀವು ತುತ್ತು ಮಾಡಿ ತಿನ್ನಿಸುವಾಗ ನಿಮ್ಮ ಮುಖ ನೋಡ್ತಾನಾ, ಬರೀ ಕೈ ನೋಡ್ತಾನಾ?’ ಅಂತ ಕೇಳಿದರೆ ತಾಯಿ ಒಂದು ಕ್ಷಣ ಸುಮ್ಮನಾಗುತ್ತಾಳೆ. ನೆನಪು ಮಾಡಿಕೊಳ್ಳುತ್ತಾಳೆ. ಆ ಸುಮ್ಮನಾಗುವುದೇ ಪ್ರಶ್ನೆ ಸರಿಯಾಗಿದೆ ಅನ್ನುವುದಕ್ಕೆ ಗುರುತು.

ಬೊಟ್ಟು ಮಾಡಿ ತೋರಿಸುವುದು ಇಡೀ ಪ್ರಶ್ನಾವಳಿಯ ಜೀವ ಇದ್ದ ಹಾಗೆ. ‘ತೋರುಬೆರಳಿನಿಂದ ಸೂಚಿಸುವುದು’ ಅಂತ ಬರೆದರೆ ಕುಷ್ಟಗಿ ಕಡೆಯ ಅಜ್ಜಿ ಮುಖ ನೋಡುತ್ತಾಳೆ. ಬೊಟ್ಟು ಅನ್ನಿ, ತಟ್ಟನೆ ಹಿಡಿಯುತ್ತದೆ. ಆದರೆ ಬೊಟ್ಟು ಮಾಡುವುದರಲ್ಲಿ ಎರಡು ಬಗೆ ಇದೆ. ಬಿಸ್ಕತ್ತಿನ ಡಬ್ಬಿ ಬೇಕು ಅಂತ ತೋರಿಸುವುದು ಒಂದು. ‘ಅಲ್ನೋಡು, ಚಂದಪ್ಪ!’ ಅಂತ ತೋರಿಸುವುದು ಇನ್ನೊಂದು. ಚಂದಪ್ಪನನ್ನು ಯಾರೂ ಇಳಿಸಿ ಕೈಗೆ ಕೊಡಲಾರರು. ತಾನು ಕಂಡದ್ದನ್ನು ಅವ್ವನೂ ಕಾಣಲಿ ಅನ್ನುವ ಆಸೆಯೊಂದೇ ಅಲ್ಲಿರುವುದು. ಆಟಿಸಂ ಇರುವ ಮಕ್ಕಳಲ್ಲಿ ಈ ಎರಡನೆಯದು ತಡವಾಗುತ್ತದೆ, ಇಲ್ಲವೇ ಕಾಣುವುದಿಲ್ಲ. ಬೇಕಾದದ್ದನ್ನು ಪಡೆಯಲು ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ. ಅವ್ವನ ಮುಂಗೈ ಹಿಡಿದು ಎಳೆದುಕೊಂಡು ಹೋಗಿ ಡಬ್ಬಿಯ ಮೇಲೆ ಇಡುತ್ತಾರೆ, ಮುಖ ನೋಡದೆ. ಕೈಯನ್ನು ಸಾಮಾನಿನ ಹಾಗೆ ಬಳಸುವುದು. ಆದ್ದರಿಂದ ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ‘ಬೊಟ್ಟು ಮಾಡ್ತಾನಾ?’ ಅಂತ ಒಂದೇ ಕೇಳಿ ಬಿಟ್ಟರೆ ಎಲ್ಲ ಕಲಸಿಹೋಗುತ್ತದೆ.

ಹೆಸರು ಕರೆದರೆ ತಿರುಗುವುದು. ಇಲ್ಲಿ ನಮ್ಮ ಕಡೆಯದೇ ಒಂದು ಗಮ್ಮತ್ತಿದೆ. ರಿಜಿಸ್ಟರಿನಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು, ಅಜ್ಜಿ ಕರೆಯುವುದು ಮೂರನೆಯದು. ಟೀಚರು ರಿಜಿಸ್ಟರಿನ ಹೆಸರು ಕೂಗಿ, ‘ತಿರುಗಲಿಲ್ಲ’ ಅಂತ ಗುರುತು ಹಾಕಿದರೆ? ಮನೆಯಲ್ಲಿ ಅವನು ‘ಪುಟ್ಯಾ’. ಆದ್ದರಿಂದ ಪ್ರಶ್ನೆ ಹೀಗಿರಲಿ: ‘ಕೈಯಲ್ಲಿ ಮೊಬೈಲ್ ಇಲ್ಲದಾಗ, ಬೆನ್ನ ಹಿಂದಿನಿಂದ, ಮನೆಯಲ್ಲಿ ಕರೆಯುವ ಹೆಸರಿನಿಂದ ಮೂರು ಸಲ ಕರೆದರೆ ಒಂದು ಸಲವಾದರೂ ತಿರುಗುತ್ತಾನಾ?’

ಸುಳ್‌ಸುಳ್ಳೇ ಆಡುವ ಆಟ ಇನ್ನೊಂದು. ಇಂಗ್ಲಿಷ್ ಫಾರಂಗಳಲ್ಲಿ ಗೊಂಬೆಗೆ ಊಟ ಮಾಡಿಸುವುದು, ಖಾಲಿ ಕಪ್ಪಿನಿಂದ ಕುಡಿಯುವುದು ಅಂತ ಇರುತ್ತದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಗೊಂಬೆಯೇ ಇಲ್ಲ. ಕಿನ್ನಾಳ ಪಕ್ಕದಲ್ಲೇ ಇದ್ದರೂ ಆ ಬಣ್ಣದ ಗೊಂಬೆಗಳು ಊರ ಮಕ್ಕಳ ಕೈಗಿಂತ ಶೋಕೇಸಿಗೆ ಹೋಗುವುದೇ ಜಾಸ್ತಿ. ಆದರೆ ರೊಟ್ಟಿ ಬಡಿಯುವ ಆಟ ಎಲ್ಲ ಮನೆಯಲ್ಲೂ ಇದೆ. ಅವ್ವ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು, ಹಿಟ್ಟಿಲ್ಲದೆ ನೆಲವನ್ನೇ ತಟ್ಟಿ ‘ತಗೋ, ತಿನ್ನು’ ಅಂತ ಕೊಡುತ್ತಾನಾ? ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳಿಂದ ಉಳುಮೆ ಮಾಡಿಸುತ್ತಾನಾ, ಮೇವು ಹಾಕುತ್ತಾನಾ, ಇಲ್ಲಾ ಸಾಲಾಗಿ ಜೋಡಿಸಿ ಇಡುತ್ತಾನಾ? ಸಾಲಾಗಿ ಜೋಡಿಸುವುದು ತಾನಾಗಿ ದೋಷವಲ್ಲ, ಎಲ್ಲ ಮಕ್ಕಳೂ ಜೋಡಿಸುತ್ತಾರೆ. ಅದೊಂದೇ ಆಟವೇ? ನಡುವಿನ ಒಂದು ಎತ್ತನ್ನು ನೀವು ಎತ್ತಿಟ್ಟರೆ ಏನಾಗುತ್ತದೆ? ಅದನ್ನು ಕೇಳಬೇಕು.

ಸದ್ದಿನ ಪ್ರಶ್ನೆಯಲ್ಲಿ ಇಂಗ್ಲಿಷ್ ಎಂ-ಚಾಟ್ ಕೊಡುವ ಉದಾಹರಣೆ ವ್ಯಾಕ್ಯೂಮ್ ಕ್ಲೀನರ್. ಯಲಬುರ್ಗಾದಲ್ಲಿ ಎಷ್ಟು ಮನೆಗಳಲ್ಲಿ ಅದಿದೆ? ಹಾಗಂತ ಜಾತ್ರೆಯ ಹಲಗೆ, ಡೊಳ್ಳು ಅಂತ ಬರೆದರೂ ತಪ್ಪು. ಆ ಸದ್ದಿಗೆ ದೊಡ್ಡವರೇ ಕಿವಿ ಮುಚ್ಚುತ್ತಾರೆ. ಕುಕ್ಕರ್ ಸೀಟಿ, ಮಿಕ್ಸರ್, ಹಿಟ್ಟಿನ ಗಿರಣಿ ಸರಿ. ದಿನಾ ಕೇಳುವ, ಬೇರೆ ಮಕ್ಕಳು ಲೆಕ್ಕಕ್ಕೇ ಇಡದ ಸದ್ದು.

ಮೂರು ದಾಟಿದ ಮಕ್ಕಳಲ್ಲಿ ಮಾತನ್ನೂ ನೋಡಬೇಕು, ಬರೀ ಮಾತು ಬಂದಿದೆಯೋ ಇಲ್ಲವೋ ಅಂತಲ್ಲ. ‘ಭಾಳ ಶಾಣ್ಯಾ ಅದಾನ್ರೀ, ಎ ಬಿ ಸಿ ಡಿ ಪೂರಾ ಹೇಳ್ತಾನ್ರೀ’ ಅನ್ನುತ್ತಾರೆ. ಸರಿ, ನೀರು ಬೇಕಾದರೆ ಏನನ್ನುತ್ತಾನೆ? ‘ಅಳ್ತಾನ್ರೀ.’ ಮೊಬೈಲಿನ ಹಾಡು ಬಾಯಿಪಾಠವಾಗಿರುವುದು ಬೇರೆ, ಕೇಳಲು ಹೇಳಲು ಮಾತು ಬಳಸುವುದು ಬೇರೆ. ಇನ್ನು ಕೆಲವರು ಕೇಳಿದ್ದನ್ನೇ ತಿರುಗಿ ಹೇಳುತ್ತಾರೆ. ‘ನೀರು ಬೇಕಾ?’ ಅಂದರೆ ‘ನೀರು ಬೇಕಾ’ ಅನ್ನುತ್ತಾರೆ, ಅದೇ ರಾಗದಲ್ಲಿ. ಇಂಗ್ಲಿಷಿನಲ್ಲಿ ಇದನ್ನು ಹಿಡಿಯಲು ‘ನಾನು–ನೀನು ಅದಲು ಬದಲು ಮಾಡುತ್ತಾನಾ’ ಅಂತ ಕೇಳುತ್ತಾರೆ. ಕನ್ನಡದಲ್ಲಿ ನಾವು ನಾನು, ನೀನು ಅನ್ನುವುದೇ ಕಡಿಮೆ. ಕ್ರಿಯಾಪದದ ಬಾಲದಲ್ಲೇ ಅದು ಅಡಗಿರುತ್ತದೆ. ಆದ್ದರಿಂದ ನಮ್ಮ ಪ್ರಶ್ನೆ: ‘ತನಗೆ ಅಂಗಡಿಗೆ ಹೋಗಬೇಕಾದಾಗ ಹೋಗ್ತೀನಿ ಅನ್ನುವ ಬದಲು ಹೋಗ್ತೀಯಾ ಅನ್ನುತ್ತಾನಾ?’ ಅನುವಾದ ಮಾಡುತ್ತಾ ಕೂತಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ.

ಒಂದು ಪ್ರಶ್ನೆ ಅಂಕದ ಲೆಕ್ಕದಿಂದ ಹೊರಗಿರಲಿ. ‘ಮೊದಲು ಆಡುತ್ತಿದ್ದ ಮಾತು, ಮಾಡುತ್ತಿದ್ದ ಟಾಟಾ, ನಮಸ್ಕಾರ ನಿಂತುಹೋಗಿದೆಯಾ?’ ಇದಕ್ಕೆ ಹೌದು ಬಂದರೆ ಉಳಿದದ್ದು ಏನೇ ಇರಲಿ, ಮಗುವನ್ನು ಡಾಕ್ಟರಿಗೆ ತೋರಿಸಬೇಕು. ಫಿಟ್ಸ್ ಇದೆಯಾ ಅಂತಲೂ ಕೇಳಿ. ಈ ಮಾತು ತೆಗೆದಾಗ ಕೆಲವರು ದೃಷ್ಟಿ ಆಯ್ತು ಅನ್ನುತ್ತಾರೆ, ಕೆಲವರು ಇಂಜೆಕ್ಷನ್ ಹಾಕಿಸಿದ ಮೇಲೆ ಹೀಗಾಯ್ತು ಅನ್ನುತ್ತಾರೆ. ವಾದ ಬೇಡ. ಆದರೆ ಟೀಚರಿಗೆ ಗೊತ್ತಿರಲಿ: ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಲಸಿಕೆಯಿಂದ ಆಟಿಸಂ ಬರುವುದಿಲ್ಲ. ಮುಂದಿನ ಡೋಸ್ ತಪ್ಪಿಸುವುದು ಬೇಡ.

ಈಗ ಕನ್ನಡದ ಇನ್ನೊಂದು ಬಲೆ. ‘ಮಗು ನಿಮ್ಮ ಮುಖ ನೋಡುವುದಿಲ್ಲವೇ?’ ಅಂತ ಕೇಳಿ ನೋಡಿ. ‘ಹೂಂರೀ’ ಅಂದಳು. ಏನರ್ಥ? ಹೂಂ, ನೋಡುವುದಿಲ್ಲ ಅಂತಲೋ, ಹೂಂ, ನೋಡುತ್ತಾನೆ ಅಂತಲೋ? ‘ಇಲ್ರೀ’ ಅಂದರೂ ಅದೇ ಪಾಡು. ಇಬ್ಬರು ಟೀಚರುಗಳು ಒಂದೇ ಉತ್ತರಕ್ಕೆ ಬೇರೆ ಬೇರೆ ಗುರುತು ಹಾಕುತ್ತಾರೆ. ಒಂದೂ ಪ್ರಶ್ನೆ ‘ಇಲ್ಲವೇ’ ಅಂತ ಮುಗಿಯಬಾರದು. ಹಾಗೆಯೇ ಎಲ್ಲಕ್ಕೂ ‘ಮಾಡ್ತಾನೆ’ ಅನ್ನುವುದೇ ಒಳ್ಳೆಯ ಉತ್ತರ ಆಗುವ ಹಾಗೆ ಬರೆಯಬೇಡಿ. ಸರಕಾರದ ಫಾರಂ ಹಿಡಿದು ಬಂದವರಿಗೆ ಒಳ್ಳೆಯದನ್ನೇ ಹೇಳೋಣ ಅನ್ನುವುದು ನಮ್ಮ ಜನರ ಮರ್ಯಾದೆ. ಒಂದೇ ಓಘದಲ್ಲಿ ಹೂಂ ಹೂಂ ಅಂತ ಹೋಗುತ್ತಾರೆ. ಎಂ-ಚಾಟ್‌ನಲ್ಲೂ 2, 5, 12ನೇ ಪ್ರಶ್ನೆಗಳಿಗೆ ಹೌದು ಬಂದರೆ ಸಂಶಯ, ಉಳಿದವಕ್ಕೆ ಇಲ್ಲ ಬಂದರೆ ಸಂಶಯ. ಇನ್ನೊಂದು ಉಪಾಯ: ಹೌದು ಅಂದಮೇಲೆ ‘ಹೋದ ವಾರ ಯಾವಾಗ ಮಾಡಿದ, ಹೇಳ್ರಿ’ ಅಂತ ಒಂದು ಮಾತು. ನೆನಪಾಗದಿದ್ದರೆ ಹೌದನ್ನು ಹೌದು ಅಂತ ಎಣಿಸಬೇಡಿ.

ಯಾರನ್ನು ಕೇಳಬೇಕು? ತಾಯಿಯನ್ನು ಅಂತ ಸುಲಭವಾಗಿ ಹೇಳಬಹುದು. ಆದರೆ ಕೊಪ್ಪಳ, ರಾಯಚೂರಿನ ಎಷ್ಟೋ ಊರುಗಳಲ್ಲಿ ಅಪ್ಪ ಅವ್ವ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗಿರುತ್ತಾರೆ. ಮಗು ಅಜ್ಜಿಯ ಬಳಿ ಇರುತ್ತದೆ. ಆಗ ಅಜ್ಜಿಯೇ ಸರಿ. ಈಗಿನ ಮಗುವನ್ನು ಅವಳೇ ಬಲ್ಲಳು. ಚಿಕ್ಕವನಿದ್ದಾಗಿನ ಮಾತಿಗೆ ತಾಯಿಗೆ ಫೋನ್ ಮಾಡಿ. ಫಾರಂನಲ್ಲಿ ಉತ್ತರ ಕೊಟ್ಟವರು ಯಾರು, ಮಗುವಿನ ಜೊತೆ ಎಷ್ಟು ದಿನದಿಂದ ಇದ್ದಾರೆ ಅಂತ ಒಂದು ಗೆರೆ ಇಡಿ. ಇದರ ಜೊತೆಗೆ ಟೀಚರಿಗೇ ನಾಲ್ಕೈದು ಪ್ರಶ್ನೆ ಬೇರೆ ಇರಲಿ. ಓರಗೆಯ ಮಕ್ಕಳ ಜೊತೆ ಹೇಗಿರುತ್ತಾನೆ ಅನ್ನುವುದು ಮನೆಗಿಂತ ಅಂಗನವಾಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿ ಹಾಡುವಾಗ ನೋಡಿಕೊಂಡು ತಾನೂ ತಟ್ಟುತ್ತಾನಾ? ಬಿದ್ದು ಅಳುವ ಮಗುವಿನ ಕಡೆ ತಿರುಗುತ್ತಾನಾ?

ಹೆಣ್ಣುಮಕ್ಕಳ ವಿಷಯದಲ್ಲಿ ಎಚ್ಚರ ಬೇಕು. ಆಟಿಸಂ ಎಂದು ಗುರುತಾಗುವವರಲ್ಲಿ ಒಬ್ಬ ಹುಡುಗಿಗೆ ಮೂರರಿಂದ ನಾಲ್ಕು ಹುಡುಗರಿರುತ್ತಾರೆ. ಅದರಲ್ಲಿ ಒಂದು ಪಾಲು ನಮ್ಮ ಕಣ್ಣಿನ ದೋಷ. ಮೂಲೆಯಲ್ಲಿ ಸುಮ್ನೆ ಕೂತ ಹುಡುಗಿಯನ್ನು ‘ಭಾಳ ಶಾಂತ ಹುಡುಗಿ’ ಅಂತ ಹೊಗಳಿ ಮುಂದೆ ಹೋಗುತ್ತೇವೆ.

ಭಾಷೆಯ ಮಾತು. ಬಳ್ಳಾರಿ ಕಡೆ ತೆಲುಗು, ಎಲ್ಲ ಊರಲ್ಲೂ ಉರ್ದು, ತಾಂಡಾಗಳಲ್ಲಿ ಲಂಬಾಣಿ. ತಾಂಡಾದ ತಾಯಿಗೆ ಕನ್ನಡ ಬರುತ್ತದೆ. ಆದರೆ ಮಗುವಿನ ಜೊತೆ ಅವಳು ಆಡುವುದು ಬೇರೆ ಭಾಷೆ. ಪ್ರಶ್ನೆ ಆ ಭಾಷೆಯಲ್ಲೇ ಹೋಗಬೇಕು. ಲಂಬಾಣಿಗೆ ತನ್ನದೇ ಲಿಪಿ ಇಲ್ಲ. ತಾಂಡಾದ ಟೀಚರಮ್ಮನಿಂದಲೇ ಹೇಳಿಸಿ ರೆಕಾರ್ಡ್ ಮಾಡಿಟ್ಟು ಕೇಳಿಸಬಹುದು. ಚಿತ್ರ ಹಾಕಿದರೆ ಇನ್ನೂ ಒಳ್ಳೆಯದು. ಶ್ರೀಲಂಕಾದಲ್ಲಿ ಎಂ-ಚಾಟ್ ಸರಿಯಾಗಿ ಕೆಲಸ ಮಾಡದೆ ಹೋದಾಗ ಅಲ್ಲಿಯ ತಜ್ಞರು ಫೋಟೊಗಳನ್ನು ತೋರಿಸಿ ಕೇಳುವ ಪ್ರಶ್ನಾವಳಿ ಮಾಡಿಕೊಂಡರು.

ಹೀಗೆ ಅರವತ್ತು ಎಪ್ಪತ್ತು ಪ್ರಶ್ನೆ ಕೂಡುತ್ತವೆ. ಕೂಡಲಿ. ಮಕ್ಕಳ ತಜ್ಞರು, ಮನಶ್ಶಾಸ್ತ್ರಜ್ಞರು, ವಾಕ್ ಶ್ರವಣ ತಜ್ಞರು, ಆಟಿಸಂ ಇರುವ ಮಗುವಿನ ತಂದೆತಾಯಿ, ಹಳೆಯ ಟೀಚರು, ಇಷ್ಟು ಜನ ಕೂತು ಅರ್ಧಕ್ಕಿಳಿಸಲಿ. ಆಮೇಲೆ ಎಂಟು ಹತ್ತು ತಾಯಂದಿರ ಬಳಿ ಒಬ್ಬೊಬ್ಬರಾಗಿ ಹೋಗಿ. ಪ್ರಶ್ನೆ ಓದಿ, ಉತ್ತರ ಬರೆಯಬೇಡಿ. ‘ನಾನು ಏನು ಕೇಳಿದೆ, ನಿಮ್ಮ ಮಾತಲ್ಲಿ ಹೇಳ್ರಿ’ ಅನ್ನಿ. ನನ್ನ ಅನುಭವದಲ್ಲಿ ಅತಿ ಹೆಚ್ಚು ಪ್ರಶ್ನೆ ಸಾಯುವುದು ಇಲ್ಲೇ, ಮತ್ತು ಸಾಯಲೇಬೇಕು. ಉಳಿದವನ್ನು ಮೂವತ್ತು ನಲವತ್ತು ಮನೆಗಳಲ್ಲಿ ಕೇಳಿ. ಒಂದೇ ತಾಯಿಗೆ ಇಬ್ಬರು ಟೀಚರುಗಳು ಬೇರೆ ಬೇರೆ ಕೇಳಿದರೆ ಒಂದೇ ಉತ್ತರ ಬರುತ್ತದಾ? ಎರಡು ವಾರ ಬಿಟ್ಟು ಕೇಳಿದರೆ? ಬದಲಾಗುವ ಪ್ರಶ್ನೆಯನ್ನು ಕೈಬಿಡಿ. ಕೊನೆಗೆ ಹದಿನೈದು ಇಪ್ಪತ್ತು ಉಳಿದರೆ ಸಾಕು.

ಈಗ ಅಂಕಕ್ಕೆ ಬರೋಣ. ಹಿಟ್ಟು ಸಾಣಿಸುವ ಸಾಣಿಗೆ ನೆನಪಿಸಿಕೊಳ್ಳಿ. ಕಣ್ಣು ದೊಡ್ಡದಾದರೆ ಹೊಟ್ಟೂ ಕೆಳಗಿಳಿಯುತ್ತದೆ. ತೀರಾ ಸಣ್ಣದಾದರೆ ಒಳ್ಳೆಯ ಹಿಟ್ಟೂ ಮೇಲೇ ಉಳಿಯುತ್ತದೆ. ಎಷ್ಟಕ್ಕೆ ಗೆರೆ ಎಳೆಯಬೇಕು ಅನ್ನುವುದು ಇದೇ ಲೆಕ್ಕ.

ನಿಮ್ಮ ವಲಯವನ್ನೇ ತೆಗೆದುಕೊಳ್ಳಿ. 24 ಕೇಂದ್ರ, ಕೇಂದ್ರಕ್ಕೆ 30 ಮಕ್ಕಳು ಅಂದುಕೊಂಡರೆ 720. ನೂರಕ್ಕೆ ಒಂದು ಮಗುವಿಗೆ ಆಟಿಸಂ ಅಂತ ಲೆಕ್ಕಕ್ಕೆ ಹಿಡಿದರೆ ಸುಮಾರು 7 ಮಕ್ಕಳು. ಪ್ರಶ್ನಾವಳಿ ಬಹಳ ಚೆನ್ನಾಗಿದೆ ಅನ್ನೋಣ. ಆಟಿಸಂ ಇರುವ ನೂರರಲ್ಲಿ 85 ಜನರನ್ನು ಹಿಡಿಯುತ್ತದೆ. ಇಲ್ಲದ ನೂರರಲ್ಲಿ 90 ಜನರನ್ನು ಸರಿಯಾಗಿ ಬಿಡುತ್ತದೆ. ಆಗ ಆ 7ರಲ್ಲಿ 6 ಸಿಗುತ್ತಾರೆ. ಜೊತೆಗೆ ಆಟಿಸಂ ಇಲ್ಲದ 713 ಮಕ್ಕಳಲ್ಲಿ 71 ಮಂದಿಗೂ ಕೆಂಪು ಗುರುತು ಬೀಳುತ್ತದೆ. ಒಟ್ಟು 77 ಮನೆಗಳ ಬಾಗಿಲಿಗೆ ಹೆದರಿಕೆ ಹೋಗುತ್ತದೆ, ಅವರಲ್ಲಿ 6 ಮನೆಯದು ಮಾತ್ರ ನಿಜ. ಇಷ್ಟು ‘ಚೆನ್ನಾಗಿರುವ’ ಫಾರಂನ ಕಥೆ ಇದು!

ಇದಕ್ಕೇ ಎರಡನೇ ಸುತ್ತು ಬೇಕು. 77 ತಾಯಂದಿರ ಬಳಿ ಮತ್ತೆ ಹೋಗಿ, ಸಂಶಯದ ಪ್ರಶ್ನೆಗಳನ್ನಷ್ಟೇ ಉದಾಹರಣೆ ಕೊಟ್ಟು ಬಿಡಿಸಿ ಕೇಳುವುದು. ಎಂ-ಚಾಟ್‌ನ 2014ರ ದೊಡ್ಡ ಅಧ್ಯಯನದಲ್ಲಿ, ಎರಡೂ ಸುತ್ತಿನಲ್ಲಿ ಸಂಶಯ ಉಳಿದ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಆಟಿಸಂ ಇತ್ತು. ನೂರಕ್ಕೆ ಸುಮಾರು 95 ಮಂದಿಗೆ ಬೆಳವಣಿಗೆಯ ಏನಾದರೊಂದು ತೊಂದರೆ ಇದ್ದೇ ಇತ್ತು. ಅಂದರೆ ಆಟಿಸಂ ಅಲ್ಲದಿದ್ದರೂ ಕಳಿಸಿದ್ದು ದಂಡವಾಗಲಿಲ್ಲ.

ನಿಮ್ಮ ಗೆರೆ ಎಲ್ಲಿ ಅನ್ನುವುದನ್ನು ನಾನು ಬಳ್ಳಾರಿಯಲ್ಲಿ ಕೂತು ಹೇಳಲಾರೆ, ಅಮೆರಿಕದ ಫಾರಂನಿಂದ ಎರವಲು ತರಲೂ ಆಗದು. ಪ್ರಶ್ನಾವಳಿ ಕೇಳಿದ ಮಕ್ಕಳನ್ನು ತಜ್ಞರು, ಅಂಕ ಎಷ್ಟು ಬಂದಿದೆ ಅಂತ ನೋಡದೆ, ಬೇರೆಯಾಗಿ ಪರೀಕ್ಷಿಸಬೇಕು. ಆಮೇಲೆ ಎರಡನ್ನೂ ಹೊಂದಿಸಿ ನೋಡಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಕೆಂಪು ಬಂದವರನ್ನು ಮಾತ್ರ ಪರೀಕ್ಷೆಗೆ ಕಳಿಸುತ್ತಾರೆ. ಹಾಗೆ ಮಾಡಿದರೆ ತಪ್ಪಿಸಿಕೊಂಡವರು ಎಷ್ಟು ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಸಂಶಯ ಬಾರದ ಮಕ್ಕಳಲ್ಲೂ ಚೀಟಿ ಎತ್ತಿ ಒಂದಷ್ಟು ಜನರನ್ನು ನೋಡಲೇಬೇಕು. ಇನ್ನೊಂದು ಮೋಸ: ಥೆರಪಿ ಕೇಂದ್ರಕ್ಕೆ ಬರುವ ಐವತ್ತು ಮಕ್ಕಳು, ಓಡಾಡಿ ಹರಟುವ ಐವತ್ತು ಮಕ್ಕಳು, ಇಬ್ಬರನ್ನೂ ಹೋಲಿಸಿ ‘ನಮ್ಮ ಫಾರಂ ನೂರಕ್ಕೆ ತೊಂಬತ್ತೈದು ಸರಿ’ ಅನ್ನುವುದು. ಅವರನ್ನು ಬೇರೆ ಮಾಡಲು ಫಾರಂ ಯಾಕೆ, ಬಾಗಿಲಲ್ಲಿ ನಿಂತ ವಾಚ್‌ಮನ್ನೇ ಹೇಳುತ್ತಾನೆ. ಕಿವಿ ಕೇಳದ ಮಗು, ಬುದ್ಧಿ ಬೆಳವಣಿಗೆ ತಡವಾದ ಮಗು, ಬರೀ ಮಾತು ತಡವಾದ ಮಗು, ಇವರ ನಡುವೆ ನಿಮ್ಮ ಪ್ರಶ್ನೆಗಳು ಆಟಿಸಂ ಇರುವ ಮಗುವನ್ನು ಆರಿಸುತ್ತವೆಯೇ ಅನ್ನುವುದೇ ಪರೀಕ್ಷೆ.

ಮತ್ತೆ ಸಂಖ್ಯೆ. ಹಿಡಿಯುವ ಶಕ್ತಿ ನೂರಕ್ಕೆ 85, ತಪ್ಪಿದರೆ ಅದಕ್ಕಿಂತ 10 ಮೇಲೆ ಇಲ್ಲವೇ 10 ಕೆಳಗೆ, ಅಂತ ಭರವಸೆಯಿಂದ ಹೇಳಬೇಕಾದರೆ ಆಟಿಸಂ ಖಚಿತವಾದ ಸುಮಾರು 49 ಮಕ್ಕಳು ಬೇಕು. ನೂರಕ್ಕೆ ಒಂದರ ಲೆಕ್ಕದಲ್ಲಿ 4,900 ಮಕ್ಕಳನ್ನು ಕೇಳಬೇಕಾಗುತ್ತದೆ. ಒಂದು ವಲಯದಿಂದ ಆಗುವ ಮಾತಲ್ಲ. ಆರೇಳು ವಲಯ ಸೇರಬೇಕು. ಕೊಪ್ಪಳದಲ್ಲಿ, ರಾಯಚೂರಿನಲ್ಲಿ, ಬಳ್ಳಾರಿಯಲ್ಲಿ ಸರಕಾರಿ ಮೆಡಿಕಲ್ ಕಾಲೇಜುಗಳಿವೆ. ಅಲ್ಲಿಯ ಮಕ್ಕಳ ವಿಭಾಗ, ಸಮುದಾಯ ವೈದ್ಯ ವಿಭಾಗಗಳನ್ನು ಕೇಳಿ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕೆ ವಿಷಯ ಹುಡುಕುತ್ತಲೇ ಇರುತ್ತಾರೆ. ನೈತಿಕ ಸಮಿತಿಯ ಒಪ್ಪಿಗೆ, ಅಂಕಿಅಂಶದವರು, ಎಲ್ಲ ಅಲ್ಲೇ ಸಿಗುತ್ತದೆ.

ನನ್ನನ್ನು ಅತಿ ಹೆಚ್ಚು ಕಾಡುವ ವಿಷಯ ಇದ್ಯಾವುದೂ ಅಲ್ಲ. ನಿಮ್ಮ 720 ಮಕ್ಕಳು ಅಂದರೆ ಅಂಗನವಾಡಿಗೆ ಬರುವವರು. ನಾವು ಹುಡುಕುತ್ತಿರುವ ಮಗು ಬರುತ್ತದೆಯೇ? ಓಡಿಹೋಗುತ್ತಾನೆ, ಕಚ್ಚುತ್ತಾನೆ, ಚಡ್ಡಿಯಲ್ಲೇ ಮಾಡಿಕೊಳ್ಳುತ್ತಾನೆ ಅಂತ ಮನೆಯಲ್ಲೇ ಇಟ್ಟುಕೊಂಡಿರುತ್ತಾರೆ. ಎರಡು ದಿನ ಬಂದು ಟೀಚರೇ ‘ಸ್ವಲ್ಪ ದೊಡ್ಡವನಾಗಲಿ’ ಅಂದಿರಬಹುದು. ಆರ್‌ಬಿಎಸ್‌ಕೆ ಎಂಬ ಸರಕಾರಿ ಕಾರ್ಯಕ್ರಮದ ಮಕ್ಕಳ ಆರೋಗ್ಯ ತಪಾಸಣಾ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಅವತ್ತೂ ಅವನು ಅಲ್ಲಿರುವುದಿಲ್ಲ. ಆದ್ದರಿಂದ ಹಾಜರಿ ಪುಸ್ತಕದಿಂದ ಶುರು ಮಾಡಬೇಡಿ. ಸರ್ವೆ ರಿಜಿಸ್ಟರಿನಿಂದ ಶುರು ಮಾಡಿ. ಹೆಸರಿದೆ, ಮಗು ಬರುತ್ತಿಲ್ಲ ಅನ್ನುವ ಮನೆಗಳಿಗೆ ಮೊದಲು ಹೋಗಿ.

ಕೆಂಪು ಬಂದ ಮೇಲೆ ಏನು ಅನ್ನುವುದು ಫಾರಂ ಅಚ್ಚಾಗುವ ಮುಂಚೆಯೇ ತೀರ್ಮಾನವಾಗಿರಲಿ. ಮೊದಲು ಕಿವಿ ಪರೀಕ್ಷೆ. ಬಾಗಿಲ ಸದ್ದಿಗೆ ಬೆಚ್ಚುತ್ತಾನೆ ಅಂದರೆ ಕಿವಿ ಪೂರ್ತಿ ಸರಿ ಅಂತಲ್ಲ. ಆಮೇಲೆ ಆರ್‌ಬಿಎಸ್‌ಕೆ ತಂಡದ ಮೂಲಕ ಜಿಲ್ಲೆಯ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ. ಖರ್ಚು ಇಲ್ಲ, ಆದರೆ ಬಸ್ಸಿಗೆ ದುಡ್ಡು, ಒಂದು ದಿನದ ಕೂಲಿ ಹೋಗುತ್ತದೆ. ಯಾವ ವಾರ ಯಾರು ಇರುತ್ತಾರೆ ಅಂತ ಫೋನ್ ಮಾಡಿ ಕೇಳಿಯೇ ಕಳಿಸಿ. ಒಂದು ಸಲ ಸುಮ್ನೆ ಹೋಗಿ ಬಂದವರು ಎರಡನೇ ಸಲ ಹೋಗುವುದಿಲ್ಲ.

ಮನೆಯವರಿಗೆ ಹೇಳುವಾಗ ಆಟಿಸಂ ಎಂಬ ಪದವನ್ನು ಟೀಚರು ಬಳಸುವುದು ಬೇಡ. ರಿಜಿಸ್ಟರಿನಲ್ಲೂ ಬರೆಯುವುದು ಬೇಡ, ಅದನ್ನು ಹತ್ತು ಜನ ತಿರುವಿ ನೋಡುತ್ತಾರೆ. ‘ಮಾತು, ಆಟ ಸ್ವಲ್ಪ ಹಿಂದೆ ಇದ್ದ ಹಾಗಿದೆ, ಒಮ್ಮೆ ತೋರಿಸೋಣ’ ಅಂದರೆ ಸಾಕು. ‘ಅವರಪ್ಪನೂ ಐದು ವರ್ಷಕ್ಕೇ ಮಾತಾಡಿದ್ದು ಬಿಡ್ರೀ’ ಅಂತ ಅಜ್ಜಿ ಅನ್ನುತ್ತಾಳೆ. ಅದಕ್ಕೂ ಉತ್ತರ ಇಟ್ಟುಕೊಳ್ಳಿ: ‘ಆಗಿರಬಹುದು ಯಮ್ಮಾ. ಆದ್ರ ನಿಮ್ಮ ಮಗ ಮಾತು ಬರೋಕ್ಕಿಂತ ಮೊದಲ ಬೊಟ್ಟು ಮಾಡಿ ತೋರಸ್ತಿದ್ದನೇನು? ಕರೆದ್ರ ತಿರುಗತಿದ್ದನೇನು?’ ಬಹಳ ಅಜ್ಜಿಯರು ಇಲ್ಲಿ ಯೋಚಿಸತೊಡಗುತ್ತಾರೆ.

ಇನ್ನು ನಿಮ್ಮ ಮಗಳ ಅನುವಾದ. ಅದರ ಒಂದು ಪ್ರತಿ, ಒಂದು ಕೆಂಪು ಪೆನ್ನು ಹಿಡಿದು ಮೂರು ಕೇಂದ್ರಗಳಿಗೆ ಹೋಗಿ. ಒಂದು ತಾಂಡಾ ಇರಲಿ, ಒಂದು ದೊಡ್ಡ ಹಳ್ಳಿ, ಒಂದು ಗಂಗಾವತಿ ಪೇಟೆಯ ಓಣಿ. ಮಗಳನ್ನೂ ಕರೆದುಕೊಂಡು ಹೋಗಿ. ತಾಯಂದಿರನ್ನು ಕೂರಿಸಿ ಒಂದೊಂದೇ ಪ್ರಶ್ನೆ ಓದಿ. ಅವರು ‘ಹಂಗಂದ್ರ ಏನ್ರೀ?’ ಅಂದಲ್ಲೆಲ್ಲ ಗೆರೆ ಎಳೆಯಿರಿ, ಅವರು ಹೇಳಿದ ಮಾತನ್ನು ಪಕ್ಕದಲ್ಲಿ ಬರೆದುಕೊಳ್ಳಿ. ಆ ಪಕ್ಕದ ಬರಹವನ್ನು ನನಗೆ ಕಳಿಸಿ.